ಮೂರಕ್ಕೇ ನಿಂತ ಮಾಡ್ಯೂಲ್

ಅಂಕಿ ಕೊಟ್ಟರೆ ಅದಕ್ಕೆ ತಕ್ಕ ವೋಲ್ಟೇಜ್ ಹೊರಗೆ ಕೊಡುವ ಪುಟ್ಟ ಮಾಡ್ಯೂಲೊಂದನ್ನು ಮೀಟರ್ ಗದರಿತು: "ಐದು ವೋಲ್ಟ್ ಕೇಳಿದರೆ ಮೂರಕ್ಕೇ ನಿಲ್ಲುತ್ತೀಯ. ನಡಿ ಗುಜರಿಗೆ."

"ನನಗೆ ಬರುವುದೇ ಮೂರು, ಮೀಟರಣ್ಣ. ಇಲ್ಲದ್ದನ್ನು ಎಲ್ಲಿಂದ ತರಲಿ?"

"ಸುಳ್ಳು," ಎಂದು ಅದಕ್ಕೆ ಕರೆಂಟು ಕೊಡುವ ಅಡಾಪ್ಟರ್ ಮಾಡ್ಯೂಲಿನಿಂದ ತನ್ನ ವೈರು ಬಿಡಿಸಿಕೊಂಡಿತು. "ನೀವೇ ಅಳೆದು ನೋಡಿ."

ಮೀಟರ್ ಅಳೆಯಿತು. ಸರಿಯಾಗಿ ಐದಿತ್ತು.

ಮಾಡ್ಯೂಲ್ ಸಿಡುಕಿತು: "ಬಡಿಸದೆ ಕೂತವರ ಪಾತ್ರೆ ತುಂಬಿಯೇ ಇರುತ್ತದೆ. ನನಗೆ ಬಡಿಸುವಾಗ ಅಳೆಯಿರಿ."

ವೈರು ಮತ್ತೆ ಜೋಡಿಸಿ ಅಳೆದರೆ ಅಡಾಪ್ಟರ್ ಮೂರಕ್ಕೆ ಕುಸಿದಿತ್ತು.

"ಗುಜರಿಗೆ ಹೋಗಬೇಕಾದದ್ದು ನೀನು," ಎಂದಿತು ಮೀಟರ್.

ಅಡಾಪ್ಟರ್ ಮಾಡ್ಯೂಲಿನತ್ತ ತಿರುಗಿತು. "ಹೊರಗಿನವರ ಮುಂದೆ ನನ್ನ ಮಾನ ಕಳೆದೆಯಲ್ಲೇ."

"ನನ್ನನ್ನು ಸುಳ್ಳಿ ಮಾಡುವಾಗ ಇವರೇನು ಮನೆಯವರಾಗಿದ್ದರೇ?" ಎಂದಿತು ಮಾಡ್ಯೂಲ್.