ಬೆಟ್ಟದ ಪಟದಲ್ಲಿದ್ದ ಹೊಗೆ

ಡಂಗುರ ಹೊಡೆದರು. "ನೀಲಗಲ್ಲಿನ ಅರಸರ ಮಗಳು ಚೆಲುವಾಂಬೆ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನಿಗೆ ಅವಳನ್ನು ಧಾರೆ ಎರೆದು ಕೊಡುತ್ತಾರೆ, ಜೊತೆಗೆ ಅರ್ಧ ಸೀಮೆ. ತಪ್ಪಿದವನ ತಲೆ ಉಳಿಯಲ್ಲ. ಕೇಳ್ರಪ್ಪೋ ಕೇಳಿ!"

ಮೂವರು ಬಂದರು. ಪಾಳೆಗಾರನ ಮಗ, ಒಬ್ಬ ಪಂಡಿತ, ಮತ್ತೆ ಹಾಲಪ್ಪ. ಹಾಲಪ್ಪ ಪಟ ತೆಗೆಯುವವರ ಹಿಂದೆ ಪಟದ ಪೆಟ್ಟಿಗೆ, ಗಾಜಿನ ಹಲಗೆ ಹೊತ್ತು ಬೆಟ್ಟ ಹತ್ತುವವನು.

ಚೆಲುವಾಂಬೆ ಕೇಳಿದಳು: "ಸುತ್ತ ಕತ್ತಲೆ. ನಡುವೆ ಬೆಟ್ಟ ತಲೆಕೆಳಗಾಗಿ ನಿಂತಿದೆ. ಒಂದು ಕಲ್ಲೂ ಉರುಳಿಲ್ಲ. ಎಲ್ಲಿ?"

"ಕೆರೆಯ ನೀರಲ್ಲಿ" ಅಂದ ಪಾಳೆಗಾರನ ಮಗ.

"ಕತ್ತಲಲ್ಲಿ ಕೆರೆ ಕಾಣುತ್ತದೇನು?" ಅವನನ್ನು ಸೆರೆಗೆ ಒಯ್ದರು.

"ಯೋಗಿಯ ಮನಸ್ಸಿನಲ್ಲಿ" ಅಂದ ಪಂಡಿತ.

"ಯಾವ ಯೋಗಿ? ಕರಕೊಂಡು ಬನ್ನಿ, ನೋಡೋಣ." ಅವನೂ ಹೋದ.

ಹಾಲಪ್ಪ ತಲೆ ಕೆರೆದುಕೊಂಡ. "ಪಟದ ಪೆಟ್ಟಿಗೆಯೊಳಗೆ, ತಾಯಿ. ಕಪ್ಪು ಬಟ್ಟೆ ಹೊದ್ದು ನೋಡಿದರೆ ತುದಿ ಕೆಳಗೆ, ಬುಡ ಮೇಲೆ. ಪಟದವರು ನೋಡಿ ಆಹಾ ಅಂತಾರೆ. ನನಗೆ ಬೆನ್ನು ನೋವು."

ಸಭೆ ನಕ್ಕಿತು.

ಚೆಲುವಾಂಬೆ ಎರಡನೆಯದು ಕೇಳಿದಳು: "ಮುಗಿಲು ಕಪ್ಪು, ಕರಿ ಬಂಡೆ ಬಿಳಿ. ಎಲ್ಲಿ?"

"ಪಟ ತೆಗೆದು ತೊಳೆದ ಗಾಜಿನಲ್ಲಿ, ತಾಯಿ. ಅದರಲ್ಲಿ ಬಿಳಿಯದೆಲ್ಲ ಕಪ್ಪು, ಕಪ್ಪೆಲ್ಲ ಬಿಳಿ. ಕಾಗದಕ್ಕೆ ಇಳಿಸಿದರೆ ಮತ್ತೆ ಸರಿಹೋಗುತ್ತೆ."

ಮೂರನೆಯದಕ್ಕೆ ಅವಳು ಒಂದು ಹಳೇ ಪಟ ತೆಗೆದಳು. "ಬೆಟ್ಟವಿದೆ. ಬಂಡೆಯಿದೆ. ಬಂಡೆಯ ಮುಂದೆ ಹೊಗೆ. ಬೆಂಕಿಯಿಲ್ಲ. ಏನಿದು?"

ಅರಸ ಎದ್ದು ನಿಂತ. "ಅದು ಕೆಟ್ಟ ಪಟ! ಎಲ್ಲಿ ಸಿಕ್ಕಿತು?"

"ಅಟ್ಟದಲ್ಲಿ, ಅಪ್ಪಾಜಿ. ಎಷ್ಟು ಸಲ ಕೇಳಿದರೂ ನೀವು ಹೇಳಲಿಲ್ಲ. ಅದಕ್ಕೇ ಊರನ್ನೇ ಕೇಳುತ್ತಿದ್ದೇನೆ. ಉತ್ತರ ನನಗೂ ಗೊತ್ತಿಲ್ಲ."

ಕತ್ತಿಯವನು ಹತ್ತಿರ ಬಂದ. ಹಾಲಪ್ಪ ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಕೆಳಗೆ ನೋಡಿ ತಾಯಿ. ಎರಡು ಪಾದ. ಕಲ್ಲಿನ ಹಾಗೆ ಚೊಕ್ಕ ಮೂಡಿವೆ. ಕಾಲಲ್ಲಿ ಗಂಡಭೇರುಂಡದ ಕಡಗ, ರಾಣಿಯರದು. ಪಟದವರು ನೂರು ಎಣಿಸೋವರೆಗೂ ಎದುರು ನಿಂತವರು ಅಲುಗಬಾರದು, ಅಲುಗಿದ್ದು ಹೊಗೆಯಾಗಿಬಿಡುತ್ತೆ. ಬೆಟ್ಟ ಅಲುಗಲಿಲ್ಲ, ಮೂಡಿತು. ಈ ತಾಯಿ ಕಾಲು ಊರಿಕೊಂಡೇ ಮೈ ಕುಲುಕಿ ನಕ್ಕಿದ್ದಾರೆ. ನಿಮ್ಮ ಅಮ್ಮ ಇರಬೇಕು."

ಅರಸ ಕೂತುಕೊಂಡ.

"ಹೌದು" ಅಂದ. "ನಾನೇ ನಗಿಸಿದೆ. ಅಲುಗಬೇಡಿ ಅಂತ ಪಟದವನು ಗದರಿದ. ನಾನು ಅವನ ಬೆನ್ನ ಹಿಂದೆ ನಿಂತು ಅವನ ಹಾಗೇ ಮೂತಿ ಮಾಡಿದೆ. ಆಮೇಲೆ ಪಟ ಹಾಳಾಯ್ತು ಅಂತ ಅವಳನ್ನೇ ಬೈದೆ. ನೀನಿನ್ನೂ ತೊಟ್ಟಿಲಲ್ಲಿದ್ದೆ ಮಗಳೇ. ಆ ವರ್ಷವೇ ಅವಳು ತೀರಿಹೋದಳು. ಬೇರೆ ಪಟ ಇಲ್ಲ."

"ಹಾಳಾಗಿಲ್ಲ ಬುದ್ಧಿ" ಅಂದ ಹಾಲಪ್ಪ. "ಸುಮ್ಮನೆ ನಿಂತಿದ್ದರೆ ಮುಖ ಬರ್ತಿತ್ತು. ನಗು ಬರ್ತಿರಲಿಲ್ಲ."

ಚೆಲುವಾಂಬೆ ಇಳಿದು ಬಂದು ಅವನ ಕೊರಳಿಗೆ ಮಾಲೆ ಹಾಕಿದಳು. ನಗಾರಿ ಬಾರಿಸಿದರು. ಸೆರೆಯಲ್ಲಿದ್ದ ಇಬ್ಬರನ್ನೂ ಬಿಟ್ಟು ಮದುವೆ ಊಟಕ್ಕೆ ಕೂರಿಸಿದರು. ಅರ್ಧ ಸೀಮೆ ಹಾಲಪ್ಪನದಾಯಿತು.

ಪಟವನ್ನು ಅರಸ ಸಿಂಹಾಸನದ ಎದುರು ತೂಗುಹಾಕಿಸಿದ. ಬಂದವರು ಬೆಟ್ಟ ನೋಡಿ ಹೊಗಳುತ್ತಿದ್ದರು. ಅರಸ ಹೊಗೆ ನೋಡುತ್ತಿದ್ದ.