ಮೂರನೆಯ ತಿರುವಿನಲ್ಲಿ ಕಂಡ ಹಳದಿ

“ಹತ್ತು ವರ್ಷ ಒಬ್ಬ ಸವಾರನನ್ನು ತಲೆಯ ಮೇಲೆ ಹೊತ್ತು ಮೆರೆಸಿದವನಿಗೆ, ಅವನು ಹೆದರಿದ ದಿನ ಹೇಡಿ ಎನ್ನುವ ಹಕ್ಕು ಇಲ್ಲವೇ ಗುರುಗಳೇ?”

ಕೇಳಿದವನು ಹಾಲೇಶ. ಪಕ್ಕದ ಪಟ್ಟಣದ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಪ್ರತಿ ಸೋಮವಾರ ತಪ್ಪದೆ ಮಠಕ್ಕೆ ಬರುವ ಶಿಷ್ಯ. ಅವನಿಗೆ ಇದ್ದದ್ದು ಎರಡೇ ಹುಚ್ಚು, ಒಂದು ಗುರುಗಳ ಮಾತು, ಇನ್ನೊಂದು ಮೋಟಾರ್‌ಸೈಕಲ್ ರೇಸು. ಎರಡು ದಿನದ ಹಿಂದೆ ಟಿವಿಯಲ್ಲಿ ನೋಡಿದ ರೇಸಿನಲ್ಲಿ ಅವನ ಮೆಚ್ಚಿನ ಸವಾರ ಎರಡನೆಯ ಸ್ಥಾನದಲ್ಲಿದ್ದ. ಮಳೆ ಹನಿಯತೊಡಗಿದ ಕೂಡಲೇ ವೇಗ ಇಳಿಸಿ ಆರನೆಯವನಾಗಿ ಬಂದ. ಯಾಕೆ ಎಂದು ಕೇಳಿದವರಿಗೆ, ಟೈರು ನೆಲ ಹಿಡಿಯುತ್ತಿಲ್ಲ ಅನ್ನಿಸಿತು, ಅದಕ್ಕೇ ಇಳಿಸಿದೆ ಎಂದು ಹೇಳಿದ. ಆ ಮಾತು ಹಾಲೇಶನ ಹೊಟ್ಟೆಗೆ ಬೆಂಕಿ ಹಾಕಿತ್ತು.

ಅವನ ಕೈಯಲ್ಲಿ ಒಂದು ಅರ್ಜಿ ಇತ್ತು. ಈ ಹೇಡಿಯನ್ನು ಮುಂದಿನ ವರ್ಷ ಇಟ್ಟುಕೊಳ್ಳಬೇಡಿ ಎಂದು ಸವಾರನ ತಂಡದವರಿಗೆ ಬರೆದದ್ದು. ಒಂದೇ ಹಗಲಿನಲ್ಲಿ ಊರೆಲ್ಲ ಸುತ್ತಿ ನಾನೂರು ಅಭಿಮಾನಿಗಳ ಸಹಿ ಹಾಕಿಸಿದ್ದ. ಎಲ್ಲಕ್ಕಿಂತ ಮೇಲಿನ ಸಹಿ ಅವನದು. ಅದನ್ನು ಲಗ್ನಪತ್ರಿಕೆ ತಂದಿಡುವ ಹಾಗೆ ಗುರುಗಳ ಪಾದದ ಬಳಿ ಇಟ್ಟ. ಅವರು ಒಮ್ಮೆ ಮುಟ್ಟಿ ಕೊಟ್ಟರೆ ಸಂಜೆಯೇ ಅಂಚೆಗೆ ಹಾಕುವವನಿದ್ದ.

ಗುರುಗಳು ಮುಟ್ಟಲಿಲ್ಲ. ಅವರಿಗೆ ಸಿಟ್ಟು ಬೇಗ ಬರುತ್ತಿತ್ತು. ಬಂದದ್ದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಇರಲಿಲ್ಲ. “ಹಕ್ಕಿನ ಮಾತು ಆಮೇಲೆ. ಮೊದಲು ಕೂತು ಕೇಳು,” ಎಂದರು. ಅವರು ಹೇಳಿದ್ದು ಹೀಗೆ.

ಒಂದು ಊರಿನಲ್ಲಿ ಒಬ್ಬ ಸವಾರನಿದ್ದ. ಮಣ್ಣಿನ ಟ್ರ್ಯಾಕಿನಲ್ಲಿ ಬೈಕು ಓಡಿಸುವುದೇ ಅವನ ಕಸುಬು. ಒಂದು ತಂಡ ಅವನಿಗೆ ಬೈಕು ಕೊಟ್ಟು ಸಂಬಳಕ್ಕೆ ಇಟ್ಟುಕೊಂಡಿತ್ತು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅದೇ ಊರಿನಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಅವನು ಆ ಸವಾರನ ಅಭಿಮಾನಿ. ಬರೀ ಅಭಿಮಾನಿಯಲ್ಲ, ಅಭಿಮಾನಿಗಳಿಗೆಲ್ಲ ಯಜಮಾನ. ವರ್ತಕ ತನ್ನ ಜೀವಮಾನದಲ್ಲಿ ಬೈಕಿನ ಮೇಲೆ ಕೂತದ್ದು ಹಿಂದಿನ ಸೀಟಿನಲ್ಲಿ ಮಾತ್ರ, ಅದೂ ಬಾಮೈದನ ಸೊಂಟ ಹಿಡಿದುಕೊಂಡು. ಆದರೆ ಚಹಾದ ಅಂಗಡಿಯಲ್ಲಿ ಕೂತನೆಂದರೆ ಯಾವ ತಿರುವಿನಲ್ಲಿ ಎಷ್ಟು ಬಾಗಬೇಕು, ಎಲ್ಲಿ ಬ್ರೇಕು ಮುಟ್ಟಲೇಬಾರದು ಎಂದು ಸವಾರರಿಗೇ ಪಾಠ ಹೇಳುತ್ತಿದ್ದ. ಗೆದ್ದ ವಾರ ‘ನಾವು ಗೆದ್ದೆವು’ ಅನ್ನುತ್ತಿದ್ದ. ಸೋತ ವಾರ ‘ಅವನು ಸೋತ’ ಅನ್ನುತ್ತಿದ್ದ. ಇಂಥವರನ್ನು ನಾನು ಮಠದಲ್ಲೂ ಕಂಡಿದ್ದೇನೆ. ಕಾರ್ಯ ಚೆನ್ನಾಗಿ ನಡೆದರೆ ನಮ್ಮ ಮಠ, ಅಡುಗೆ ಕೆಟ್ಟರೆ ಸ್ವಾಮಿಗಳ ಮಠ.

ಸವಾರನ ಹೆಲ್ಮೆಟ್ಟು ಹಳದಿ. ಅದಕ್ಕೇ ವರ್ತಕ ಅಂಗಡಿಯ ಹಳದಿ ಬಟ್ಟೆಯ ಥಾನು ಬಿಚ್ಚಿ, ಟವಲಿನಷ್ಟು ತುಂಡು ಕತ್ತರಿಸಿ, ಅಭಿಮಾನಿಗಳಿಗೆಲ್ಲ ಪುಕ್ಕಟೆ ಹಂಚಿದ. ಪ್ರೀತಿ ಇತ್ತು, ಇಲ್ಲ ಅನ್ನಲಾರೆ.

ಆದರೆ ರೇಸಿನಲ್ಲಿ ಹಳದಿಗೆ ಒಂದು ಅರ್ಥವಿದೆ. ಪ್ರತಿ ತಿರುವಿನಲ್ಲೂ ಬಾವುಟ ಹಿಡಿದ ಒಬ್ಬ ಕಾವಲಿನವನು ನಿಂತಿರುತ್ತಾನೆ. ಅವನು ಹಳದಿ ಬಾವುಟ ಬೀಸಿದರೆ, ಮುಂದೆ ಯಾರೋ ಬಿದ್ದಿದ್ದಾರೆ, ವೇಗ ಇಳಿಸಿ, ಯಾರೂ ಯಾರನ್ನೂ ಹಿಂದೆ ಹಾಕಬೇಡಿ ಎಂದು. ಬಿದ್ದವನ ಮೇಲೆ ಬೈಕು ಹತ್ತಬಾರದಲ್ಲ. ಅದಕ್ಕೇ ರೇಸು ನಡೆಯುವಾಗ ನೋಡುವವರು ಯಾರೂ ಹಳದಿ ಬಟ್ಟೆ ಬೀಸಕೂಡದೆಂದು ಬೋರ್ಡು ಹಾಕಿದ್ದರು. ಅಭಿಮಾನಿಗಳು ಅದನ್ನು ಪಾಲಿಸುತ್ತಿದ್ದರು. ತುಂಡನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದು, ತಮ್ಮ ಸವಾರ ಕೊನೆಯ ಗೆರೆ ದಾಟಿದ ಮೇಲೆ ಎದ್ದು ಬೀಸುವುದು ಅವರ ಪದ್ಧತಿ. ಆ ಪದ್ಧತಿ ಮಾಡಿದವನೂ ವರ್ತಕನೇ.

ವರ್ಷದ ಕೊನೆಯ ರೇಸು ಬಂತು. ಕೊನೆಯ ಸುತ್ತಿನಲ್ಲಿ ಸವಾರ ಎಲ್ಲರಿಗಿಂತ ಮುಂದಿದ್ದ. ಹಿಂದಿನವನು ಹತ್ತಿರವೇ ಇದ್ದ. ವರ್ತಕ ಮೂರನೆಯ ತಿರುವಿನ ದಿಬ್ಬದ ಮೇಲೆ ಕೂತಿದ್ದವನು ಕೂರಲಾರದೆ ಎದ್ದ. ದಿಬ್ಬ ಇಳಿದು, ಹಳೆಯ ಟೈರು ಜೋಡಿಸಿದ ತಡೆಯವರೆಗೂ ಓಡಿದ. ಬಾವುಟದವನು ಅಲ್ಲಿಂದ ಹತ್ತು ಹೆಜ್ಜೆ ಮುಂದೆ, ಇವನಿಗೆ ಬೆನ್ನು ಹಾಕಿ ನಿಂತಿದ್ದ. ದಿಬ್ಬದ ಮೇಲಿದ್ದವರ ಕಣ್ಣೆಲ್ಲ ಬೈಕಿನ ಮೇಲಿತ್ತು. ಹೋಗು, ಹೋಗು ಎಂದು ಕೂಗುತ್ತ ವರ್ತಕ ಎರಡೂ ಕೈ ಮೇಲೆತ್ತಿ ಬೀಸಿದ. ಕೈಯಲ್ಲಿ ಹಳದಿ ಬಟ್ಟೆ ಇತ್ತು.

ಸವಾರನಿಗೆ ಟ್ರ್ಯಾಕಿನ ಅಂಚಿನಲ್ಲಿ ಹಳದಿ ಕಂಡಿತು. ವೇಗ ಇಳಿಸಿದ. ಹಿಂದಿನವನ ಕನ್ನಡಕಕ್ಕೆಲ್ಲ ಮುಂದಿನ ಬೈಕಿನ ಮಣ್ಣು. ಅವನಿಗೆ ಏನೂ ಕಾಣಲಿಲ್ಲ. ಮುಂದೆ ಜಾಗ ಸಿಕ್ಕಿತು, ನುಗ್ಗಿದ, ಗೆದ್ದ. ತಿರುವಿನ ಆಚೆ ಯಾರೂ ಬಿದ್ದಿರಲಿಲ್ಲ.

ಹೇಡಿ ಎಂದು ಮೊದಲು ಕೂಗಿದವನು ವರ್ತಕ. ತನ್ನ ಕೈ ಮಾಡಿದ ಕೆಲಸ ಆಗ ಅವನಿಗೇ ಗೊತ್ತಿರಲಿಲ್ಲ. ಅಲ್ಲಿಯವರೆಗಿನದಕ್ಕೆ ನಾನು ಅವನನ್ನು ಬೈಯುವುದಿಲ್ಲ. ಮೈಮರೆತವನನ್ನು ಏನೆಂದು ಬೈಯಲಿ? ಬೈಯುವುದು ಮುಂದಿನದಕ್ಕೆ.

ಮಾರನೆಯ ದಿನ ತಂಡದವರು ವಿಚಾರಣೆ ಮಾಡಿದರು. ಮೂರನೆಯ ತಿರುವಿನಲ್ಲಿ ಹಳದಿ ಕಂಡಿತು, ಯಾರೋ ಬಿದ್ದಿದ್ದಾರೆ ಎಂದುಕೊಂಡೆ ಎಂದು ಸವಾರ ಹೇಳಿದ. ನಾನು ಬಾವುಟ ಎತ್ತಲೇ ಇಲ್ಲ ಎಂದು ಕಾವಲಿನವನು ಹೇಳಿದ. ಇಬ್ಬರದೂ ನಿಜ. ಆದರೆ ಇಬ್ಬರಲ್ಲಿ ಒಬ್ಬ ಸುಳ್ಳ ಎಂದು ಜನ ತೀರ್ಮಾನಿಸಿದರು. ಕಾವಲಿನವನಿಗೆ ಸುಳ್ಳು ಹೇಳುವ ಗರಜು ಏನು? ಹೆದರಿದವನಿಗೆ ಇದೆ. ಅಲ್ಲಿಗೆ ಸವಾರ ಹೇಡಿಯೂ ಆದ, ಸುಳ್ಳನೂ ಆದ.

ಸುದ್ದಿ ಪತ್ರಿಕೆಯಲ್ಲಿ ಬಂತು. ಚಹಾದ ಅಂಗಡಿಯಲ್ಲಿ ಒಬ್ಬ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ. ‘ಮೂರನೆಯ ತಿರುವು, ಹಳದಿ’ ಎಂಬಲ್ಲಿಗೆ ಬಂದಾಗ ವರ್ತಕನ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು. ತಾನು ಎಲ್ಲಿ ನಿಂತಿದ್ದೆ, ಕೈಯಲ್ಲಿ ಏನಿತ್ತು, ಎಲ್ಲ ನೆನಪಾಯಿತು. ಗೊತ್ತಾಯಿತು ಹಾಲೇಶ, ಅವನಿಗೆ ಪೂರ್ತಿ ಗೊತ್ತಾಯಿತು.

ಓದಿದವನು ತಲೆ ಎತ್ತಿ ಕೇಳಿದ. “ಯಜಮಾನ್ರೇ, ತಡೆ ಹತ್ರಾನೇ ಇದ್ರಲ್ಲ ನೀವು. ಬಾವುಟ ಏನಾದ್ರೂ ಕಾಣ್ತಾ?”

“ನಂಗೆ ಯಾವ ಬಾವುಟಾನೂ ಕಾಣ್ಲಿಲ್ಲಪ್ಪ,” ಎಂದ ವರ್ತಕ.

ಮಾತು ಸುಳ್ಳಲ್ಲ ನೋಡು. ಬಾವುಟ ಇರಲೇ ಇಲ್ಲ, ಅವನಿಗೆ ಎಲ್ಲಿಂದ ಕಾಣಬೇಕು? ಒಬ್ಬನ ಅನ್ನ ಕಿತ್ತುಕೊಳ್ಳುವುದಕ್ಕೂ ಅವನು ಸುಳ್ಳು ಹೇಳುವ ಕಷ್ಟ ತೆಗೆದುಕೊಳ್ಳಲಿಲ್ಲ. ನನಗೆ ಮೈ ಉರಿಯುವುದು ಇದಕ್ಕೆ. ಸುಳ್ಳನಾದರೆ ಎಲ್ಲೋ ಒಂದು ಕಡೆ ಅಳುಕುತ್ತಾನೆ. ಇವನು ಚಹಾ ಮುಗಿಸಿ, ಬಾಯಿ ಒರೆಸಿಕೊಂಡು, ಇಂಥವನನ್ನು ಇಟ್ಟುಕೊಂಡರೆ ನಮ್ಮ ಊರಿನ ಮರ್ಯಾದೆ ಏನಾಗಬೇಕು ಎಂದು ಉಳಿದವರನ್ನು ಕೇಳಿದ. ಅರ್ಜಿ ಅಲ್ಲೇ ಬರೆದರು. ಮೊದಲ ಸಹಿ ಅವನದು.

ತಂಡದವರು ಹತ್ತು ದಿನ ಕಾದರು. ಸವಾರನ ಪರವಾಗಿ ಒಬ್ಬರಾದರೂ ಬಂದು ಹಳದಿ ಕಂಡಿತು ಎಂದರೆ ಅವನನ್ನು ಉಳಿಸಿಕೊಳ್ಳುವುದಾಗಿ ಸಾರಿದರು. ಒಬ್ಬನೂ ಹೋಗಲಿಲ್ಲ. ಕಂಡವರು ಯಾರೂ ಇರಲಿಲ್ಲ, ಬೀಸಿದವನು ಒಬ್ಬನಿದ್ದ. ಅವನಿಗೆ ತಂಡದ ಕಚೇರಿ ನಾಲ್ಕು ಅಂಗಡಿ ದೂರ. ಬೆಳಿಗ್ಗೆ ಅಂಗಡಿ ತೆರೆಯಲು ಅದರ ಮುಂದೆಯೇ ಬರುತ್ತಿದ್ದ, ಮಧ್ಯಾಹ್ನ ಊಟಕ್ಕೆ ಅದರ ಮುಂದೆಯೇ ಹೋಗುತ್ತಿದ್ದ. ಹೇಳಿದರೆ ಏನಾಗುತ್ತಿತ್ತು? ಅಭಿಮಾನಿಗಳು ನಾಲ್ಕು ದಿನ ಬೈಯುತ್ತಿದ್ದರು. ಚಹಾದ ಅಂಗಡಿಯ ಯಜಮಾನಿಕೆ ಹೋಗುತ್ತಿತ್ತು. ಇಷ್ಟಕ್ಕೆ ಹೆದರಿದ. ಹೆದರಿಕೊಂಡೇ ದಿನಾ ಸಂಜೆ ಅಲ್ಲಿ ಕೂತು ಧೈರ್ಯದ ವಿಷಯವಾಗಿ ಮಾತಾಡಿದ.

ಹನ್ನೊಂದನೆಯ ದಿನ ಸವಾರನನ್ನು ಕೆಲಸದಿಂದ ತೆಗೆದರು. ಬೇರೆ ತಂಡಗಳೂ ಕರೆಯಲಿಲ್ಲ. ಹೇಡಿಯನ್ನು ಯಾರಾದರೂ ತೆಗೆದುಕೊಂಡಾರು, ಸುಳ್ಳನನ್ನು ತೆಗೆದುಕೊಳ್ಳುವವರಿಲ್ಲ.

ಊರು ಬಿಡುವ ಮುನ್ನ ಅವನು ವರ್ತಕನ ಅಂಗಡಿಗೆ ಬಂದ. ತಾಯಿಗೆ ಒಂದು ಸೀರೆ ಬೇಕಾಗಿತ್ತು. ಅಭಿಮಾನಿಗಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಬಟ್ಟೆಯ ಸಂಗತಿಯೇ ಅವನಿಗೆ ಗೊತ್ತಿರಲಿಲ್ಲ, ಬಾವುಟವೇ ಕಂಡದ್ದೆಂದು ಇನ್ನೂ ನಂಬಿದ್ದ. ವರ್ತಕ ಸೀರೆ ಮಡಿಸುತ್ತ, ಕೇಳದೇ ಇರಲಾರದೆ ಕೇಳಿದ.

“ಗೆಲುವು ಕೈಯಾಗಿತ್ತಲ್ಲ ತಮ್ಮಾ. ಹಳದಿ ಕಂಡ್ರೆ ಕಾಣ್ಲಿ ಅಂತ ಹೋಗಿಬಿಡೋದಲ್ವ?”

“ಆ ಕಡೆ ಒಬ್ಬ ಬಿದ್ದಿದ್ದಾನೆ ಅನ್ಕೊಂಡೆ ಅಣ್ಣಾ. ಯಾರು ಬಿದ್ದೋನು, ನಿಜವಾಗ್ಲೂ ಬಿದ್ದಿದ್ದಾನಾ ಅಂತ ವಿಚಾರ್ಸೋಕೆ ಆ ಸ್ಪೀಡಲ್ಲಿ ಪುರಸೊತ್ತು ಎಲ್ಲಿರುತ್ತೆ? ಇಳಿಸಿದೆ, ಅಷ್ಟೇ.”

ವರ್ತಕ ಸೀರೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಸವಾರ ನಮಸ್ಕಾರ ಹೇಳಿ ಹೋದ. ಅವನು ಮತ್ತೆ ಯಾವ ಟ್ರ್ಯಾಕಿನಲ್ಲೂ ಓಡಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅವರ ಮುಖ ಕೆಂಪಾಗಿತ್ತು. ಹಾಲೇಶನಿಗೂ ಸಿಟ್ಟು ಬಂದಿತ್ತು, ವರ್ತಕನ ಮೇಲೆ.

“ಎಂಥ ನೀಚ ಗುರುಗಳೇ ಅವನು! ಹತ್ತು ದಿನ ಪುರಸೊತ್ತಿತ್ತು ಅವನಿಗೆ. ಸವಾರ ಎದುರಿಗೇ ಬಂದು ನಿಂತಾಗಲೂ ಬಾಯಿ ಬಿಡಲಿಲ್ಲವಲ್ಲ,” ಎಂದ. ಆಮೇಲೆ, ತನ್ನ ಅರ್ಜಿ ಇನ್ನೂ ನೆಲದ ಮೇಲೇ ಇರುವುದು ಕಂಡು, ದನಿ ತಗ್ಗಿಸಿದ. “ಆದರೆ ನಾನು ಆ ವರ್ತಕನಲ್ಲ. ನಾನು ಯಾವ ಬಟ್ಟೆಯನ್ನೂ ಬೀಸಿಲ್ಲ, ಯಾವುದನ್ನೂ ಮುಚ್ಚಿಟ್ಟಿಲ್ಲ. ನನ್ನ ಸವಾರ ಹೆದರಿದ್ದು ನಿಜ. ಸೋಫಾದ ಮೇಲೆ ಕೂತು ಕಣ್ಣಾರೆ ನೋಡಿದ್ದೇನೆ. ಮಳೆ ಬಂದದ್ದೇ ತಡ, ಕೈ ಸಡಿಲ ಬಿಟ್ಟ. ಧೈರ್ಯ ಇದ್ದವನು ಹಾಗೆ ಮಾಡುತ್ತಾನೆಯೇ?”

ಗುರುಗಳು ಬಗ್ಗಿ ಅರ್ಜಿಯನ್ನು ಕೈಗೆತ್ತಿಕೊಂಡರು. ಎಲ್ಲಕ್ಕಿಂತ ಮೇಲಿದ್ದ ಸಹಿಯ ಮೇಲೆ ಬೆರಳಿಟ್ಟು ಹಾಲೇಶನ ಕಡೆ ತಿರುಗಿಸಿದರು.

“ಈ ಸಹಿ ಹಾಕುವಾಗ ನೀನು ಗಂಟೆಗೆ ಎಷ್ಟು ಕಿಲೋಮೀಟರ್ ವೇಗದಲ್ಲಿದ್ದೆ?”