ಎಲಚಿಯ ಕೊಕ್ಕೆ ಮುಳ್ಳು

ಆಗ ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟ ಮುಟ್ಟಿದರೆ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಮರಗಳಿಗೆ ಕಾಲಿದ್ದವು. ಬೆಳಗ್ಗೆ ಇಲ್ಲಿದ್ದ ಮರ ಮಧ್ಯಾಹ್ನಕ್ಕೆ ಅಲ್ಲಿ. ನೋಡಿದವರು ಈಗ ಯಾರೂ ಉಳಿದಿಲ್ಲ, ಹಾಗಾಗಿ ಸುಳ್ಳು ಅನ್ನುವವರೂ ಇಲ್ಲ.

ಬಯಲಿನ ಕಲ್ಲುನೆಲದಲ್ಲಿ ಮೂವರು ಅಕ್ಕತಂಗಿಯರಿದ್ದರು. ದೊಡ್ಡವಳು ಎಲಚಿ. ನಡುವಿನವಳು ನೇರಳೆ. ಚಿಕ್ಕವಳು ಆಲೂಬುಖಾರ, ಪೇಟೆಯಲ್ಲಿ ಪ್ಲಮ್ ಅಂತ ಮಾರುತ್ತಾರಲ್ಲ, ಅವಳೇ. ಅಕ್ಕಂದಿರು ಅವಳನ್ನು ಬುಖಾರಿ ಅನ್ನುತ್ತಿದ್ದರು.

ಎಲಚಿಗೆ ಎಲೆಗೊಂದರಂತೆ ನೆಟ್ಟಗಿನ ಮುಳ್ಳು. ಆಡು ಬಂದರೆ ಚುಚ್ಚುವುದಕ್ಕೆ, ಅಷ್ಟೇ. ಬುಖಾರಿಗೆ ಮುಳ್ಳಿರಲಿಲ್ಲ. ಆಡು ಬಂದರೆ ಅಕ್ಕನ ಹಿಂದೆ ಅಡಗುತ್ತಿದ್ದಳು.

ಬಿಸಿಲು ಏರಿತು. ನೇರಳೆ ಹೊಳೆದಂಡೆಗೆ ಹೋಗಿ ನೀರಿಗೆ ಕಾಲು ಇಳಿಬಿಟ್ಟಳು. "ಅಕ್ಕಾ, ಕಲ್ಲು ಕಾಯೋಕೆ ನಿನಗೇನು ಸಂಬಳ ಕೊಡ್ತಾರಾ?" ಅಂತ ಅಲ್ಲಿಂದಲೇ ಕೂಗಿದಳು. ಎಲಚಿಗೆ ಬಿಸಿಲು ಹಿಡಿಸಿತ್ತು. ಬುಖಾರಿಗೆ ಮಾತ್ರ ತೊಗಟೆ ಬಿರಿಯಿತು. ಮೊಗ್ಗು ಮೂಡಿದ್ದೇ ಕರಕಲಾಗುತ್ತಿತ್ತು.

ಗಾಳಿ ಬಂದು ಹೇಳಿತು: "ಉತ್ತರದ ಬೆಟ್ಟದಲ್ಲಿ ಹಿಮ ಬೀಳುತ್ತೆ ಕಣಮ್ಮ. ಈ ಕೂಸು ಅಲ್ಲಾದರೆ ಬದುಕುತ್ತೆ, ಇಲ್ಲಿದ್ದರೆ ಸೌದೆ. ಬೇಗ ಕಳಿಸು. ಮೊದಲ ಮಳೆ ಬಿದ್ದ ದಿನ ಭೂಮಿತಾಯಿ ಎಲ್ಲರ ಕಾಲನ್ನೂ ಹಿಡ್ಕೊಳ್ತಾಳಂತೆ. ಆಮೇಲೆ ಯಾರು ಎಲ್ಲಿದ್ದರೆ ಅಲ್ಲೇ."

"ನಾಳೆ ಕಳಿಸ್ತೀನಿ" ಅಂದಳು ಎಲಚಿ.

ನಾಳೆ ಬಂತು. "ನನ್ನ ಹಣ್ಣು ಒಣಗಲಿ. ಬೆಲ್ಲ, ಉಪ್ಪು, ಖಾರ ಹಾಕಿ ಕುಟ್ಟಿ ವಡೆ ತಟ್ಟಿಕೊಡ್ತೀನಿ. ದಾರಿಗೆ ಬೇಕಲ್ಲ."

ಮರುದಿನ, "ವಡೆ ಇನ್ನೂ ಹಸಿ."

ಅದರ ಮರುದಿನ, "ಇವತ್ತು ಮಂಗಳವಾರ. ಮನೆಮಗಳನ್ನು ಕಳಿಸಬಾರದು." ಆಗಿನ್ನೂ ವಾರಗಳೇ ಹುಟ್ಟಿರಲಿಲ್ಲ.

"ಅಕ್ಕಾ, ನಾನು ಸಾಯ್ತೀನಿ ಕಣೆ" ಅಂದಳು ಬುಖಾರಿ ಮೆಲ್ಲಗೆ. "ನೀನೂ ಬಾ."

"ಹಿಮದಲ್ಲಿ ನಾನು ಒಂದು ದಿನ ಬಾಳಲ್ಲ, ಹುಚ್ಚಿ."

ಪಡುವಣದಲ್ಲಿ ಮೋಡ ಕಟ್ಟಿತು. ಎಲಚಿ ವಡೆಯ ಗಂಟನ್ನು ತಂಗಿಯ ರೆಂಬೆಗೆ ಕಟ್ಟಿದಳು. "ಹೋಗು" ಅಂದಳು.

ಬುಖಾರಿ ಬೆನ್ನು ತಿರುಗಿಸಿದ್ದೇ ತಡ, ಎಲಚಿಯ ಒಂದೊಂದು ಮುಳ್ಳಿನ ಪಕ್ಕದಲ್ಲೂ ಇನ್ನೊಂದು ಮುಳ್ಳು ಮೂಡಿತು. ಮೂಡುತ್ತಲೇ ಬಾಗಿ ಕೊಕ್ಕೆಯಾಯಿತು. ತಂಗಿಯ ಪಕ್ಕೆಗೆ ಸಿಕ್ಕಿಕೊಂಡಿತು.

"ಬಿಡೆ, ಅಕ್ಕಾ."

"ನಾನು ಹಿಡಿದಿಲ್ಲ ಕಣೆ. ಅದೇ ಹಿಡೀತು."

ಒಂದೇ ಒಂದು ಹೆಜ್ಜೆ ಹಿಂದೆ ಬಂದಿದ್ದರೆ ಕೊಕ್ಕೆ ಬಿಟ್ಟುಕೊಳ್ಳುತ್ತಿತ್ತು. ಬುಖಾರಿಗೂ ಅದು ಗೊತ್ತಿತ್ತು. ಹಿಂದೆ ಬಂದರೆ ತಾನು ಮತ್ತೆ ಹೊರಡುವವಳಲ್ಲ ಅನ್ನುವುದೂ ಗೊತ್ತಿತ್ತು. ಜಗ್ಗಿದಳು. ಪಕ್ಕೆ ಮೇಲಿಂದ ಕೆಳಗೆ ಸೀಳಿತು. ಓಡಿದಳು.

ಮಳೆ ಬಿತ್ತು. ಭೂಮಿ ಎಲ್ಲರ ಕಾಲು ಹಿಡಿಯಿತು.

ಎಷ್ಟೋ ಕಾಲದ ಮೇಲೆ ಗಾಳಿ ಉತ್ತರದಿಂದ ಬಂತು.

"ಮುಟ್ಟಿದಳಾ?" ಅಂದಳು ಎಲಚಿ.

"ಮುಟ್ಟಿದಳು. ತುಂಬು ಸಂಸಾರ. ಕೆಂಪು, ಕಪ್ಪು, ಹಳದಿ ಮಕ್ಕಳು. ಸಿಹಿಯಾದವನ್ನು ಜನ ಒಣಗಿಸಿಟ್ಕೊಳ್ತಾರೆ. ಹುಳಿಯಾದವು ಚಟ್ನಿಗೆ, ಉಪ್ಪಿನಕಾಯಿಗೆ. ಚಳಿ ಇನ್ನೂ ಇರುವಾಗಲೇ, ಎಲೆಗೂ ಕಾಯದೆ ಮೈತುಂಬ ಹೂ ಬಿಡ್ತಾಳೆ."

"ನನ್ನ ಕೇಳಿದಳಾ?"

ಗಾಳಿ ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ. ಅವತ್ತು ಮಾತ್ರ ಬಾಯಿಗೆ ಒಂದೂ ಬರಲಿಲ್ಲ.

"ಕೇಳಲಿಲ್ಲ" ಅಂದಿತು. "ಆದರೆ ಅವಳ ಒಂದೊಂದು ಮಗುವಿನ ಪಕ್ಕೆಯಲ್ಲೂ ಒಂದು ಗೆರೆ ಇದೆ. ತೊಟ್ಟಿನಿಂದ ತುದಿಯವರೆಗೆ."



ಅದಕ್ಕೇ, ಮಗು, ಈಗಲೂ ಎಲಚಿ ಮರದಲ್ಲಿ ಒಂದು ಮುಳ್ಳು ನೆಟ್ಟಗೆ, ಪಕ್ಕದ್ದು ಕೊಕ್ಕೆ. ಹಣ್ಣು ಆಯಲು ಹೋದಾಗ ಅಂಗಿ ಸಿಕ್ಕಿಕೊಂಡರೆ ಜಗ್ಗಬೇಡ. ಅವಳ ಕಡೆಗೆ ಒಂದು ಹೆಜ್ಜೆ ಹೋಗು, ತಾನೇ ಬಿಡುತ್ತಾಳೆ.